ಖಜಾಂಚಿಯ ಕೋಟು

ಇವತ್ತು ಹೆಂಡತಿಯನ್ನು ಏನೂ ಕೇಳಬಾರದು ಎಂದುಕೊಂಡೇ ಅವನು ಎದ್ದ. ಹಲ್ಲುಜ್ಜುವಾಗಲೂ ಅದನ್ನೇ ಅಂದುಕೊಂಡ, ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಾಗಲೂ ಅಂದುಕೊಂಡ. ಆದರೆ ಬ್ಲೇಡು ಗದ್ದದ ಕೆಳಗಿನ ಕಷ್ಟದ ಜಾಗಕ್ಕೆ ಬಂದ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಅವಳು ಗುನುಗುವುದು ಕೇಳಿಸಿತು. ಹಾಡೂ ಅಲ್ಲ, ಹಾಡಿನ ತುಂಡೂ ಅಲ್ಲ, ಪಾತ್ರೆ ಒರೆಸುವ ಕೈಗೆ ತಾನಾಗಿ ಹುಟ್ಟಿಕೊಂಡ ಒಂದು ಸಣ್ಣ ಎಳೆ. ಈ ಮನೆಯಲ್ಲಿ ಗುನುಗುವ ಅಭ್ಯಾಸ ಇರಲಿಲ್ಲ. ಅದು ಬಂದದ್ದು ಚಂದಾ ರಸೀದಿ ಪುಸ್ತಕ ಅವಳ ಕೈಗೆ ಹೋದ ಮೇಲೆ. ಬ್ಲೇಡು ಒಂದು ಕೂದಲೆಳೆಯಷ್ಟು ಜಾರಿತು. ನೊರೆಯಲ್ಲಿ ಒಂದು ಹನಿ ಕೆಂಪು ಹರಡಿ ಗುಲಾಬಿಯಾಯಿತು. ‘ಏನಂದೆ ಅವರಿಗೆ?’ ಎಂಬ ಪ್ರಶ್ನೆ ಅಷ್ಟು ಹೊತ್ತಿಗಾಗಲೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಯಿ ಮುಕ್ಕಳಿಸುವ ನೆಪದಲ್ಲಿ ಅದನ್ನೂ ಉಗುಳಿದ.

ಎಲ್ಲ ಶುರುವಾದದ್ದು ಅವನ ಕಾಲಿನಿಂದ. ಪಕ್ಷದ ವಾರ್ಡು ಸಮಿತಿಯ ಕೋಣೆ ಇದ್ದದ್ದು ಕನ್ನಡಕದ ಅಂಗಡಿಯ ಮೇಲೆ, ಕಿರಿದಾದ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಚುನಾವಣೆ ಘೋಷಣೆಯಾದ ವಾರವೇ ಅವನು ಇಳಿಯುವಾಗ ಜಾರಿದ. ಕಣಕಾಲು ಊದಿಕೊಂಡಿತು. ಖಜಾಂಚಿಯೇ ಕುರ್ಚಿಯ ಮೇಲೆ ಕಾಲು ಚಾಚಿ ಕೂತರೆ ಚಂದಾ ಯಾರು ಎತ್ತುವುದು ಎಂಬ ಮಾತು ಬಂದಾಗ, ಅವಳು ಸಂತೆಗೆ ಹೋಗಿಬರುತ್ತೇನೆ ಅನ್ನುವ ಧಾಟಿಯಲ್ಲಿ, “ನಾನು ಹೇಗೂ ಅಂಗಡಿ ಬೀದಿಗೆ ಹೋಗ್ತೀನಲ್ಲ, ಪುಸ್ತಕ ಕೊಡಿ, ಒಂದೆರಡು ಅಂಗಡಿ ನೋಡ್ಕೊಂಡು ಬರ್ತೀನಿ” ಅಂದಳು. ಅವನಿಗೆ ನಗು ಬಂತು. ನಗುತ್ತಲೇ ಪಾಠ ಹೇಳಿಕೊಟ್ಟ: ಹೆಸರು ಪೂರ್ತಿ ಬರೆಸಿಕೊಳ್ಳಬೇಕು, ವಿಳಾಸ ಬೇಕು, ದೊಡ್ಡ ಮೊತ್ತವಾದರೆ ಚೆಕ್ಕೇ ಆಗಬೇಕು, ಒಬ್ಬರಿಂದ ಕಾನೂನಿನ ಮಿತಿ ದಾಟಿ ಒಂದು ಕಾಸೂ ಮುಟ್ಟಬಾರದು, ನಗರಸಭೆಯ ಗುತ್ತಿಗೆ ಹಿಡಿದವರ ಹತ್ತಿರ, ಗುತ್ತಿಗೆ ಮುಗಿದು ವರ್ಷ ಆಗದವರ ಹತ್ತಿರ ಕೈಯೇ ಚಾಚಬಾರದು. ಅವಳು ತಲೆ ಒಂದಿಷ್ಟು ವಾಲಿಸಿಕೊಂಡು ಕೇಳಿದಳು. ಮಗುವಿಗೆ ರಸ್ತೆ ದಾಟುವುದನ್ನು ಹೇಳಿಕೊಟ್ಟ ಸಮಾಧಾನ ಅವನಿಗೆ. ಸಂಜೆ ಬಂದವಳು ಚಪ್ಪಲಿ ಬಿಡುತ್ತಾ, “ರೀ, ಪುಸ್ತಕ ಮುಗೀತು. ಇನ್ನೊಂದು ಇದೆಯಾ?” ಎಂದಳು. ಮೂರು ಚುನಾವಣೆ ನಡೆಸಿದ ಖಜಾಂಚಿ ಅವನು. ಒಂದು ಚುನಾವಣೆಗೆ ಒಂದು ಪುಸ್ತಕ ಪೂರ್ತಿ ಮುಗಿದದ್ದನ್ನು ಕಂಡವನಲ್ಲ. ಪ್ರತಿ ಸಲವೂ ಖಾಲಿ ಹಾಳೆಗಳ ಮೇಲೆ ಅಡ್ಡಗೆರೆ ಎಳೆದು, ‘ರದ್ದು’ ಎಂದು ದುಂಡಗೆ ಬರೆದು, ಸಹಿ ಹಾಕಿ ಲೆಕ್ಕಪರಿಶೋಧಕರ ಮುಂದೆ ಇಡುತ್ತಿದ್ದ. ಆ ಅಡ್ಡಗೆರೆಗಳ ಅಚ್ಚುಕಟ್ಟನ್ನು ಅವರು ಹೊಗಳುತ್ತಿದ್ದರು ಕೂಡ.

“ಏನಂದೆ ಅವರಿಗೆ?” ಆವತ್ತು ಮೊದಲ ಸಲ ಕೇಳಿದ್ದ, ಕುತೂಹಲಕ್ಕೆ.

“ಏನನ್ನೋದು? ಕೇಳಿದೆ.”

“ಏನಂತ ಕೇಳಿದೆ?”

“ಕೊಡಿ ಅಂತ.”

“ಕೊಡಿ ಅಂದ ತಕ್ಷಣ ಕೊಟ್ಟುಬಿಟ್ಟರಾ?”

“ಸ್ವಲ್ಪ ಮಾತಾಡಿದೆ. ಆಮೇಲೆ ಕೊಟ್ಟರು. ಕಾಲಿಗೆ ಬಿಸಿನೀರು ಇಡಲಾ?”

ಆ ‘ಸ್ವಲ್ಪ ಮಾತಾಡಿದೆ’ ಅವನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತವನ ಮುಂದೆ ಅವಳು ಓಡಾಡುತ್ತಿದ್ದರೆ ಅವಳಿಂದ ಬೇರೆ ಬೇರೆ ಅಂಗಡಿಗಳ ವಾಸನೆ ಬರುತ್ತಿತ್ತು: ಬಣ್ಣದ ಎಣ್ಣೆ, ಹೊಸ ಚರ್ಮ, ಒಂದು ದಿನ ಬೇಕರಿಯ ಸಕ್ಕರೆ ಸುಟ್ಟ ವಾಸನೆ, ಕಳೆದ ವಾರವಂತೂ ಹಬೆ ಮತ್ತು ಗಂಜಿ ಹಾಕಿದ ಬಟ್ಟೆಯ ವಾಸನೆ. ಲಾಂಡ್ರಿ. ಆ ದಿನ ಅವಳು ತಂದದ್ದು ಒಬ್ಬರು ಒಬ್ಬ ಅಭ್ಯರ್ಥಿಗೆ ಕೊಡಬಹುದಾದಷ್ಟು ಪೂರ್ತಿ ಮೊತ್ತದ ಚೆಕ್ಕು, ಮಿತಿಯ ಅಂಚಿನವರೆಗೆ, ಒಂದು ಕಾಸು ಹೆಚ್ಚಲ್ಲ, ಕಡಿಮೆಯಲ್ಲ. ಈ ವಾರ್ಡಿನಲ್ಲಿ ಅಂಥ ಚೆಕ್ಕು ಬರೆದವರಿಲ್ಲ. ಲಾಂಡ್ರಿಯವನು, ಹೆಂಡತಿಯನ್ನು ಕಳೆದುಕೊಂಡ, ಅಂಗಿಯ ತೋಳು ಮೊಣಕೈಯ ಮೇಲಕ್ಕೆ ಮಡಿಚಿದ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ ಮನುಷ್ಯ. ಅವನ ಕೆನ್ನೆಯಲ್ಲಿ ಗುಳಿ ಬೀಳುವುದು ತನಗೆ ಹೇಗೆ ಗೊತ್ತು ಎಂದು ಯೋಚಿಸುವುದಕ್ಕೇ ಅವನಿಗೆ ಇಷ್ಟವಿರಲಿಲ್ಲ.

ಗೊತ್ತು, ಯಾಕೆಂದರೆ ಅವನೂ ಅಲ್ಲಿಗೆ ಹೋಗಿದ್ದ. ಕಳೆದ ಚುನಾವಣೆಯಲ್ಲಿ. ಒಳಜೇಬಿನಲ್ಲಿ ರಸೀದಿ ಪುಸ್ತಕ ಇಟ್ಟುಕೊಂಡು, ಬಾಗಿಲಲ್ಲಿ ಎರಡು ಸಲ ಕೆಮ್ಮಿ, ಒಳಗೆ ಹೋಗಿ ನಿಂತಿದ್ದ. ವ್ಯಾಪಾರ ಹೇಗಿದೆ ಎಂದ. ಪರವಾಗಿಲ್ಲ ಅಂದ ಲಾಂಡ್ರಿಯವನು. ಬಿಸಿಲು ಜಾಸ್ತಿಯಾಯಿತು ಎಂದ. ಬಟ್ಟೆ ಬೇಗ ಒಣಗುತ್ತೆ ಅಂದ ಅವನು. ಮಾತನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಟ್ಟು, ಯಾರಾದರೂ ಅದನ್ನು ಈಚೆ ಕಡೆಗೆ ಸರಿಸಲಿ ಎಂದು ಕಾದ. ಯಾರೂ ಸರಿಸಲಿಲ್ಲ. “ಏನು ಕೊಡಬೇಕಿತ್ತು ಸಾರ್?” ಎಂದು ಲಾಂಡ್ರಿಯವನು ಕೇಳಿದಾಗ ಅವನ ಕೈ ಒಳಜೇಬಿನಲ್ಲಿ ಪುಸ್ತಕ ಮುಟ್ಟಿತು, ಬಾಯಿ ಮಾತ್ರ “ಕೋಟು. ಇಸ್ತ್ರಿಗೆ” ಎಂದಿತು. ಹಾಗೆ ಅಂಗಿಯಲ್ಲಿ ನಿಂತು ಕಾದು, ಬಿಸಿ ಕೋಟು ತೊಟ್ಟುಕೊಂಡು, ದುಡ್ಡು ಕೊಟ್ಟು ಬಂದ. ಮತ್ತೊಂದು ಸಲ ಹೋದಾಗಲೂ ಅದೇ ಆಯಿತು. ಮೂರನೆಯ ಸಲ ಬೇಕೆಂದೇ ಕೋಟು ತೊಡದೆ ಹೋಗಲು ನೋಡಿದ, ಆದರೆ ರಸೀದಿ ಪುಸ್ತಕ ಹಿಡಿಸುವ ಜೇಬು ಇದ್ದದ್ದು ಕೋಟಿಗೆ ಮಾತ್ರ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೇಳುವುದು ಅವನಿಗೆ ಎಂದೂ ಆಗಿಬಂದದ್ದಲ್ಲ. ಚಿಕ್ಕಂದಿನಲ್ಲಿ ಅಪ್ಪ, ಪಕ್ಕದ ಮನೆಗೆ ಕೊಟ್ಟ ಏಣಿ ಇಸಕೊಂಡು ಬಾ ಎಂದು ಕಳಿಸಿದ್ದರು. ತಮ್ಮದೇ ಏಣಿ. ಅವನು ಅವರ ಗೇಟಿನ ಹತ್ತಿರ ನಿಂತು ನಿಂತು, ಕೊನೆಗೆ ಬಂದು ಅವರು ಮನೆಯಲ್ಲಿಲ್ಲ ಎಂದಿದ್ದ. ಅವರು ಮನೆಯಲ್ಲಿದ್ದರು, ಕಿಟಕಿಯಿಂದ ಅವನನ್ನು ನೋಡುತ್ತಲೂ ಇದ್ದರು. “ಬಾಯಿದ್ದವನು ಬರದಲ್ಲೂ ಬದುಕ್ತಾನೆ, ನೀನು ಸುಗ್ಗೀಲೂ ಉಪವಾಸ ಸಾಯ್ತೀಯ” ಎಂದಿದ್ದರು ಅಪ್ಪ.

ಅವಳನ್ನು ಮದುವೆಯಾಗಬೇಕು ಅಂತ ಕೇಳಿದ್ದೂ ಅವನಲ್ಲ. ಬಸ್ ನಿಲ್ದಾಣದ ತಗಡಿನ ಚಾವಣಿಯ ಕೆಳಗೆ ಎಷ್ಟೋ ತಿಂಗಳು ಪಕ್ಕಪಕ್ಕ ನಿಂತು, ಎರಡು ಬಸ್ಸು ಬೇಕೆಂದೇ ಬಿಟ್ಟು, ಅವನು ಬಸ್ಸುಗಳ ವೇಳಾಪಟ್ಟಿಯ ಬಗ್ಗೆಯೇ ಮಾತಾಡುತ್ತಿದ್ದ ಒಂದು ಸಂಜೆ ಅವಳು ತಲೆ ಒಂದಿಷ್ಟು ವಾಲಿಸಿ, “ನೀವು ಕೇಳೋರಲ್ಲ ಅಂತ ಗೊತ್ತಾಯ್ತು. ಹೋಗಲಿ, ನಾನೇ ಕೇಳ್ತೀನಿ” ಎಂದಿದ್ದಳು. ಆ ದನಿ. ಒತ್ತಾಯವಿಲ್ಲ, ಬೇಡಿಕೆಯಿಲ್ಲ, ಬಾಗಿಲು ಮೊದಲೇ ತೆರೆದಿದೆ, ನೀವು ನೋಡಿಲ್ಲ ಅಷ್ಟೇ ಅನ್ನುವಂಥ ದನಿ. ಇಷ್ಟು ವರ್ಷ ಅದು ತನಗೊಬ್ಬನಿಗೇ ಖರ್ಚಾದ ದನಿ ಎಂದು ನಂಬಿಕೊಂಡಿದ್ದ. ಈಗ ಅದು ಬೀದಿಯ ಬಣ್ಣದಂಗಡಿಯವನಿಗೂ, ಚಪ್ಪಲಿಯಂಗಡಿಯವನಿಗೂ, ಕೆನ್ನೆಯಲ್ಲಿ ಗುಳಿ ಬೀಳುವವನಿಗೂ ಸಿಗುತ್ತಿದೆ, ರಸೀದಿ ಸಮೇತ.

“ರೀ, ಕೋಟು ತನ್ನಿ ಇಲ್ಲಿ. ಗುಂಡಿ ನೇತಾಡ್ತಿದೆ.”

ಅವಳು ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ಕೂತಿದ್ದಳು. ಅವನು ಕೋಟು ಕೊಡುವ ಮೊದಲು ಒಳಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಲಕೋಟೆಯಲ್ಲಿ ಆ ಚೆಕ್ಕು. ಇವತ್ತು ಅದನ್ನು ಹಿಂದಿರುಗಿಸಬೇಕು. ಮರದ ಡಿಪೋದ ಕೆಲಸಕ್ಕೆ ಅದಕ್ಕಾಗಿಯೇ ಅರ್ಧ ದಿನ ರಜೆ ಹಾಕಿದ್ದ.

ನಿನ್ನೆ ಸಂಜೆ ಸಮಿತಿಯ ಕೋಣೆಯಲ್ಲಿ ನಡೆದದ್ದನ್ನು ಅವನು ಬೆಳಗಿನಿಂದ ಬದಿಗೆ ತಳ್ಳುತ್ತಲೇ ಇದ್ದ. ಅದು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಮೂಲೆಯಲ್ಲಿ ಕೂತು ನೋಡುತ್ತಿತ್ತು. ಅಭ್ಯರ್ಥಿ ವಕೀಲರು. ಅವರ ಪಕ್ಕದ ಕುರ್ಚಿ ಯಾವಾಗಲೂ ಖಜಾಂಚಿಯದು. ನಿನ್ನೆ ಅವನು ಕುಂಟುತ್ತಾ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅಲ್ಲಿ ಅವಳು ಕೂತಿದ್ದಳು. ಅವಳು ಎದ್ದಳು, ನಿಜ. ಆದರೆ ವಕೀಲರು “ಕೂತ್ಕೊಳ್ಳಿ ಅಕ್ಕ, ಅವರಿಗೆ ಇನ್ನೊಂದು ಕುರ್ಚಿ ತರಿಸೋಣ” ಎಂದರು. ಇನ್ನೊಂದು ಕುರ್ಚಿ ಬಂತು, ಒಂದು ಕಾಲು ಗಿಡ್ಡ. ವಕೀಲರು ಅವಳಿಗೆ ಸಕ್ಕರೆ ಕಡಿಮೆ ಹಾಕಿದ ಚಹಾ ತರಿಸಿದರು, ಕೇಳದೆಯೇ. ಸಮಿತಿಯ ಕಾರ್ಯದರ್ಶಿ, ಬಸ್ಸಿನ ಕೆಲಸದಿಂದ ನಿವೃತ್ತನಾದ್ದರಿಂದ ಎಲ್ಲರ ಬಾಯಲ್ಲೂ ಕಂಡಕ್ಟರ್ ಆದವನು, ಚೆಕ್ಕನ್ನು ಬೆಳಕಿಗೆ ಹಿಡಿದು, “ಖಜಾಂಚಿಗಳು ಇಷ್ಟು ವರ್ಷ ಅಕ್ಕನ್ನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ರು ನೋಡಿ” ಅಂದ. ಎಲ್ಲರೂ ನಕ್ಕರು. ಅವನೂ ನಕ್ಕ, ತಡವಾಗಿ. ಮುಂದಿನ ವಾರದಿಂದ ಚಂದಾ ಕೆಲಸ ಪೂರ್ತಿ ಅಕ್ಕನಿಗೇ ಒಪ್ಪಿಸೋಣ, ಖಜಾಂಚಿಗಳು ಲೆಕ್ಕ ಬರೆದರೆ ಸಾಕು ಎಂದು ವಕೀಲರು ಹೇಳುತ್ತಿದ್ದಾಗ, ಕಾಲು ಗಿಡ್ಡವಾದ ಕುರ್ಚಿ ಒಮ್ಮೆ ಆಚೆ ವಾಲಿ ಈಚೆ ವಾಲಿ, ಅವನ ಬಾಯಿಂದ ಮಾತು ಬಂತು.

“ಈ ಚೆಕ್ಕು ತಗೊಳ್ಳೋಕಾಗಲ್ಲ. ಲಾಂಡ್ರಿಗೆ ನಗರಸಭೆ ಆಸ್ಪತ್ರೆಯ ಬಟ್ಟೆ ಒಗೆಯೋ ಗುತ್ತಿಗೆ ಇದೆ.”

ಕೋಣೆ ತಣ್ಣಗಾಯಿತು. ಆ ಮೌನ ಅವನಿಗೆ ಎಷ್ಟು ಹಿತವಾಗಿತ್ತು ಎಂಬುದೇ ಈಗ ನೆನೆಸಿಕೊಳ್ಳಲಾಗದ ಸಂಗತಿ. ಕಂಡಕ್ಟರ್ ಚೆಕ್ಕನ್ನು ಬಿಸಿ ಬಾಣಲೆಯ ಹಾಗೆ ಮೇಜಿನ ಮೇಲೆ ಬಿಟ್ಟ. “ಪ್ರೆಸ್ಸಿನವನು ನಾಳೆ ಸಂಜೆಯೊಳಗೆ ಮುಂಗಡ ಬರಲಿಲ್ಲ ಅಂದ್ರೆ ಎದುರು ಪಾರ್ಟಿ ಕರಪತ್ರ ಮಷೀನಿಗೆ ಹಾಕ್ತೀನಿ ಅಂತ ಕೂತಿದ್ದಾನೆ” ಎಂದ. ವಕೀಲರು ಹಣೆ ಉಜ್ಜಿಕೊಂಡರು. “ನಿಯಮ ಅಂದ್ಮೇಲೆ ನಿಯಮ. ಸಿಕ್ಕಿಬಿದ್ದರೆ ಉಮೇದುವಾರಿಕೆಗೇ ಕುತ್ತು. ಖಜಾಂಚಿಗಳೇ, ವಿಚಾರಿಸಿದ್ದೀರಲ್ಲ?”

“ವಿಚಾರಿಸಿದ್ದೀನಿ.”

ವಿಚಾರಿಸಿರಲಿಲ್ಲ. ಲಾಂಡ್ರಿಯ ಮೂಲೆಯಲ್ಲಿ ನೀಲಿ ಮುದ್ರೆಯ ಬಿಳಿ ಹಾಸುಬಟ್ಟೆಗಳ ಗಂಟುಗಳನ್ನು ತಾನು ಕೋಟಿಗಾಗಿ ಕಾಯುತ್ತ ನಿಂತಾಗ ನೋಡಿದ್ದ, ಅಷ್ಟೇ ಅವನ ಆಧಾರ. ಒಂದು ಪೋಸ್ಟ್‌ಕಾರ್ಡಿನ ಖರ್ಚನ್ನೂ ಎರಡು ಸಲ ತಾಳೆ ನೋಡದೆ ಬರೆಯದವನು ಅವನು. ಆಗ ಅವಳು ಅವನತ್ತ ನೋಡಿದಳು. ಏನೋ ಹೇಳಲು ಹೊರಟವಳ ಹಾಗೆ ತುಟಿ ಬಿರಿದು, ಮತ್ತೆ ಮುಚ್ಚಿ, “ಆಗಲಿ. ನಾನೇ ಹೋಗಿ ವಾಪಸ್ ಕೊಟ್ಟು ಬರ್ತೀನಿ” ಎಂದಳು. ಮತ್ತೆ ಆ ಹಬೆಯೊಳಗೆ ಅವಳು ಹೋಗುವುದೇ? “ಬೇಡ. ಹಿಂದಿರುಗಿಸೋದು ಖಜಾಂಚಿ ಕೆಲಸ. ಅದೇ ಕ್ರಮ” ಎಂದು ಅವನು ಚೆಕ್ಕನ್ನು ಲಕೋಟೆಗೆ ಹಾಕಿ ಅಂಟಿಸಿದ್ದ. ಅಂಟಿನ ರುಚಿ ಇನ್ನೂ ಬಾಯಲ್ಲಿ ಇದ್ದ ಹಾಗಿತ್ತು.

“ವಿಚಾರಿಸಿದ್ದು ಯಾವಾಗ?” ಎಂದಳು ಅವಳು ಈಗ, ಗುಂಡಿಯ ಸುತ್ತ ದಾರ ಸುತ್ತುತ್ತ. ತಲೆ ಎತ್ತಲಿಲ್ಲ.

“ಡಿಪೋದಿಂದ ಫೋನ್ ಮಾಡಿದ್ದೆ.”

“ಯಾರಿಗೆ?”

“ಆಸ್ಪತ್ರೆಗೆ. ಇನ್ಯಾರಿಗೆ ಮಾಡ್ತಾರೆ?”

“ಹ್ಞೂಂ.” ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. ಕೋಟನ್ನು ಮೊಣಕಾಲ ಮೇಲೆ ಹರಡಿ ತೋಳುಗಳನ್ನು ಅಂಗೈಯಲ್ಲಿ ಸವರಿದಳು, ಸಾವಕಾಶವಾಗಿ, ಹೆಗಲಿಂದ ಮುಂಗೈವರೆಗೆ. “ನಾನೂ ಬರ್ತೀನಿ. ಬಣ್ಣದಂಗಡಿಯವರು ಇವತ್ತು ಬನ್ನಿ ಅಂದಿದ್ದರು.”

ಬೇಡ ಅನ್ನಲು ಅವನ ಹತ್ತಿರ ನಿಯಮ ಇರಲಿಲ್ಲ.

ಬೀದಿಯಲ್ಲಿ ಅವನು ಕಲಿತದ್ದೇನೆಂದರೆ ತಾನು ಈ ಬೀದಿಯನ್ನು ಬಲ್ಲವನಲ್ಲ ಎಂದು. ಹುಟ್ಟಿದ್ದು ಇದರ ಆಚೆ ತುದಿಯಲ್ಲಿ, ದುಡಿಯುವುದು ಈಚೆ ತುದಿಯಲ್ಲಿ, ದಿನಕ್ಕೆರಡು ಸಲ ಓಡಾಟ. ಆದರೆ ಅವಳ ಜೊತೆ ನಡೆದರೆ ಮುಚ್ಚಿದ್ದ ಬಾಗಿಲುಗಳೆಲ್ಲ ಬಾಯಿ ಬಿಡುತ್ತಿದ್ದವು. ಬೀಗ ರಿಪೇರಿಯವನು “ಏನಕ್ಕ, ಇವತ್ತು ಯಾರ ಜೇಬಿಗೆ ಕತ್ತರಿ?” ಎಂದ. “ನಿಮ್ಮದು ಆಗಲೇ ಖಾಲಿ ಆಯ್ತಲ್ಲ, ಹೆದರಬೇಡಿ” ಎಂದಳು ಅವಳು ನಿಲ್ಲದೆಯೇ. ಅವನು ನಕ್ಕು, ಖಜಾಂಚಿಯನ್ನು ನೋಡಿ, “ಓ, ಯಜಮಾನರೂ ಬಂದಿದ್ದಾರೆ” ಎಂದು ಎದ್ದು ನಿಂತ. ನಿಂತವನ ಕಣ್ಣು ಮುಖದ ಮೇಲೆ ಇರಲಿಲ್ಲ, ಕೋಟಿನ ಮೇಲಿತ್ತು. ಬೇಕರಿಯ ಹೆಂಗಸೂ ಹಾಗೆಯೇ, ಮೊದಲು ತೋಳು ನೋಡಿದಳು, ಆಮೇಲೆ ಮೋರೆ ನೋಡಿದಳು, ಆಮೇಲೆ ಬ್ರೆಡ್ಡಿನ ತಟ್ಟೆಯ ಹಿಂದೆ ಬಗ್ಗಿದಳು. ಚಪ್ಪಲಿಯಂಗಡಿಯ ಮುದುಕ “ಕೋಟು ಚೆನ್ನಾಗಿದೆ ಸಾರ್” ಎಂದ, ಯಾವ ಸಂಬಂಧವೂ ಇಲ್ಲದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ ಅವನು ಹೆಗಲು, ಕಾಲರು, ಹೊಸದಾಗಿ ಹೊಲಿದ ಗುಂಡಿ ಎಲ್ಲ ಮುಟ್ಟಿ ನೋಡಿಕೊಂಡ. ಏನೂ ಇರಲಿಲ್ಲ. ಬಹುಶಃ ಗದ್ದದ ಗಾಯ ಎಂದುಕೊಂಡು ಕರವಸ್ತ್ರ ಒತ್ತಿದ. ಅವಳು ಎರಡು ಹೆಜ್ಜೆ ಮುಂದಿದ್ದಳು. ಈ ಮೂರು ವಾರಗಳಲ್ಲಿ ಅವಳ ನಡಿಗೆ ಬದಲಾಗಿತ್ತು, ಚೀಲ ಹೆಗಲಿಂದ ಮೊಣಕೈಗೆ ಇಳಿದಿತ್ತು, ಕೈ ಬೀಸುತ್ತಿದ್ದಳು. ಬೇರೆಯವರ ಹೆಂಡತಿಯನ್ನು ನೋಡುವ ಹಾಗೆ ಅವನು ಅವಳನ್ನು ಹಿಂದಿನಿಂದ ನೋಡಿದ, ಚೆಂದ ಇದ್ದಾಳೆ ಅನ್ನಿಸಿತು, ಅನ್ನಿಸಿದ್ದೇ ಹೊಟ್ಟೆಯೊಳಗೆ ಕಿಚ್ಚು ಇನ್ನೊಂದು ಸುತ್ತು ಎದ್ದಿತು.

ಲಾಂಡ್ರಿಯ ಎದುರು ಅವಳು ನಿಂತಳು. “ಒಳಗೆ ಬರಲಾ?”

“ಬೇಡ.”

“ನೀವೇ ಮಾತಾಡ್ತೀರಾ?”

“ಕೊಡೋದಕ್ಕೆ ಮಾತು ಏನಕ್ಕೆ?”

ಅವಳು ರಸ್ತೆ ದಾಟಿ ಬಣ್ಣದಂಗಡಿಯ ಕಡೆಗೆ ಹೋದಳು.

ಒಳಗೆ ಹಬೆ ತುಂಬಿತ್ತು. ಸರಳಿಗೆ ನೇತುಹಾಕಿದ ಬಟ್ಟೆಗಳು, ಕಾಲರಿಗೆ ಪಿನ್ನು ಚುಚ್ಚಿದ ನಂಬರು ಚೀಟಿಗಳು, ಒಳಗೆಲ್ಲೋ ತಿರುಗುವ ದೊಡ್ಡ ಡ್ರಮ್ಮಿನ ಗುಡುಗು. ಲಾಂಡ್ರಿಯವನು ಮಡಿಚಿದ ತೋಳಿನಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ. ಖಜಾಂಚಿಯನ್ನು ನೋಡಿದೊಡನೆ ಅವನ ಕೆನ್ನೆಯಲ್ಲಿ ಗುಳಿ ಬಿತ್ತು. ಖಜಾಂಚಿ ಕುಂಟುತ್ತಾ ನೇರ ಹೋಗಿ ಲಕೋಟೆ ಕೌಂಟರಿನ ಮೇಲಿಟ್ಟ. ಮಾತು ಸರಾಗವಾಗಿ ಬಂತು, ಅವನಿಗೇ ಆಶ್ಚರ್ಯವಾಗುವಷ್ಟು. ನಿಮ್ಮ ಚೆಕ್ಕು ಹಿಂದಿರುಗಿಸುತ್ತಿದ್ದೇವೆ, ನಗರಸಭೆಯ ಗುತ್ತಿಗೆ ಇರುವವರಿಂದ ಚಂದಾ ಪಡೆಯುವಂತಿಲ್ಲ, ಇದು ನಿಯಮ, ವೈಯಕ್ತಿಕವಾದದ್ದೇನೂ ಇಲ್ಲ, ಸಮಿತಿ ನಿಮಗೆ ಆಭಾರಿ. ಹಿಂದಕ್ಕೆ ಕೊಡುವುದು ಎಷ್ಟು ಸುಲಭ ಎನ್ನಿಸಿತು. ಜೀವಮಾನವಿಡೀ ಇದನ್ನೇ ಮಾಡಿಕೊಂಡಿರಬಹುದಿತ್ತು.

ಲಾಂಡ್ರಿಯವನು ಲಕೋಟೆ ಒಡೆದು ಚೆಕ್ಕು ನೋಡಿದ. ಕೋಪಗೊಳ್ಳಲಿಲ್ಲ. ಅದನ್ನು ನಂಬರು ಚೀಟಿಗಳ ತಗಡಿನ ಡಬ್ಬಿಯ ಕೆಳಗೆ ಸಿಕ್ಕಿಸಿ, “ಯಾವ ಗುತ್ತಿಗೆ ಸಾರ್?” ಎಂದ.

“ಆಸ್ಪತ್ರೆದು. ಹಾಸುಬಟ್ಟೆ.”

“ಅದು ಕೈಬಿಟ್ಟು ಎರಡು ವರ್ಷದ ಮೇಲಾಯ್ತಲ್ಲ. ಆಸ್ಪತ್ರೆಯವರೇ ಮಷೀನು ತಂದುಕೊಂಡರು. ಇಲ್ಲಿ ನೋಡಿ, ಗಂಟು ಇಡ್ತಿದ್ದ ಜಾಗದಲ್ಲಿ ಗಿರಾಕಿಗಳಿಗೆ ಕುರ್ಚಿ ಹಾಕಿದ್ದೀನಿ.” ಮೂಲೆಯಲ್ಲಿ ಎರಡು ಕುರ್ಚಿ ಇದ್ದವು. ಬಾಗಿಲಲ್ಲೇ ಕಾಣುವ ಹಾಗೆ. ಅವನು ಅವುಗಳ ಪಕ್ಕದಲ್ಲೇ ಹಾದು ಬಂದಿದ್ದ. “ನಿಮ್ಮ ಮನೆಯವರು ಚೆಕ್ಕು ಮುಟ್ಟೋ ಮೊದಲು ಅದನ್ನೇ ಕೇಳಿದ್ದು. ಆಸ್ಪತ್ರೆ ಗುತ್ತಿಗೆ ಇತ್ತಲ್ಲ, ಈಗಲೂ ಇದೆಯಾ ಅಂತ. ಮುಗಿದ ಕಾಗದ ತೋರಿಸೋ ತನಕ ಬಿಡಲಿಲ್ಲ. ನಮ್ಮವರು ತುಂಬ ಕಟ್ಟುನಿಟ್ಟು, ಒಂದು ಚುಕ್ಕಿ ತಪ್ಪಿದ್ರೂ ನನ್ನ ಜೀವ ತಿಂತಾರೆ ಅಂದ್ರು.”

ಡ್ರಮ್ಮು ತಿರುಗುವುದು ನಿಂತಿತು. ಆ ನಿಶ್ಶಬ್ದದಲ್ಲಿ ನಿನ್ನೆ ಸಂಜೆಯ ಕೋಣೆ ಮತ್ತೊಮ್ಮೆ ಅವನ ಮುಂದೆ ಬಂತು, ಈ ಸಲ ಬೇರೆ ದಿಕ್ಕಿನಿಂದ. ಅವಳಿಗೆ ಗೊತ್ತಿತ್ತು. ತುಟಿ ಬಿರಿದದ್ದು ಅದನ್ನು ಹೇಳಲು. ವಕೀಲರ ಮುಂದೆ, ಕಂಡಕ್ಟರ್ ಮುಂದೆ, ಒಂದು ಮಾತು ಆಡಿದ್ದರೆ ಸಾಕಿತ್ತು, ಖಜಾಂಚಿಯ ಮೂರು ಚುನಾವಣೆಯ ಮಾನ ಆ ಗಿಡ್ಡ ಕಾಲಿನ ಕುರ್ಚಿಯ ಕೆಳಗೆ ಹೋಗುತ್ತಿತ್ತು. ಅವಳು ನುಂಗಿಕೊಂಡು, ನಾನೇ ಕೊಟ್ಟು ಬರ್ತೀನಿ ಎಂದಳು. ಬೆಳಿಗ್ಗೆ ಸೂಜಿ ಹಿಡಿದು, ವಿಚಾರಿಸಿದ್ದು ಯಾವಾಗ ಎಂದು ಬಾಗಿಲು ತೆರೆದು ಇಟ್ಟಳು. ಅವನು ಒಳಗಿನಿಂದ ಅಗುಳಿ ಹಾಕಿಕೊಂಡ.

“ನಿಜ ಹೇಳಬೇಕೂಂದ್ರೆ ಸಾರ್, ನನಗೆ ಈ ರಾಜಕೀಯ ಎಲ್ಲ ಆಗಿಬರಲ್ಲ,” ಲಾಂಡ್ರಿಯವನು ಅಂಗಿಯೊಂದರ ಮೇಲೆ ನೀರು ಚಿಮುಕಿಸಿದ. “ವಕೀಲರು ಯಾರೋ, ಏನು ಮಾಡ್ತಾರೋ. ನಿಮ್ಮ ಮನೆಯವರು ಬಂದು ಕೂತರು, ಅಲ್ಲೇ, ಕುರ್ಚಿ ಮೇಲೆ. ಹೀಗೆ ತಲೆ ವಾಲಿಸಿಕೊಂಡು, ‘ನಮ್ಮವರು ಹೋದ ಸಲ ನಿಮ್ಮಲ್ಲಿಗೆ ಚಂದಾ ಕೇಳೋಕೆ ಅಂತ ಮೂರು ಸಲ ಬಂದರು, ಮೂರು ಸಲಾನೂ ಕೋಟು ಇಸ್ತ್ರಿ ಮಾಡಿಸಿಕೊಂಡು ವಾಪಸ್ ಬಂದರು. ಆ ಮೂರು ಇಸ್ತ್ರಿ ದುಡ್ಡು ನೀವು ಬಾಕಿ’ ಅಂದ್ರು. ನಾನು ನಕ್ಕಿದ್ದು ನಕ್ಕಿದ್ದೇ. ಆಗ ನನಗೆ ಹೊಳೀತು, ಅಯ್ಯೋ ಹೌದಲ್ಲ, ಅದಕ್ಕೇ ಮನುಷ್ಯ ಹಾಗೆ ಒದ್ದಾಡ್ತಿದ್ದದ್ದು ಅಂತ. ಹೇಗೆ ಗೊತ್ತಾಯ್ತಮ್ಮ ನಿಮಗೆ ಅಂದೆ. ‘ತೋಳು ನೋಡಿ’ ಅಂದ್ರು. ‘ನಾನು ಮನೇಲಿ ಇಸ್ತ್ರಿ ಮಾಡೋವಾಗ ತೋಳಿಗೆ ಗೆರೆ ಹಾಕಲ್ಲ, ಗುಂಡಗೆ ಬಿಡ್ತೀನಿ. ಗೆರೆ ಬಿದ್ದಿದ್ದರೆ ಅವತ್ತು ಕೇಳೋಕೆ ಹೋಗಿದ್ದರು ಅಂತ ಲೆಕ್ಕ’ ಅಂದ್ರು. ಇಡೀ ಬೀದೀಲಿ ಈಗ ಇದೇ ಮಾತು. ಬೇಜಾರು ಮಾಡ್ಕೊಬೇಡಿ, ಪ್ರೀತಿಯಿಂದ ಹೇಳ್ತಾರೆ. ನಾನು ಕೊಟ್ಟಿದ್ದು ವಕೀಲರಿಗಲ್ಲ ಸಾರ್, ನಿಮ್ಮ ಕೋಟಿಗೆ.”

ಬೀಗದವನ ಕಣ್ಣು, ಬೇಕರಿಯ ಹೆಂಗಸಿನ ಬಗ್ಗಿದ ತಲೆ, ಕೋಟು ಚೆನ್ನಾಗಿದೆ ಎಂದ ಮುದುಕ. ಮೂರು ವಾರದಿಂದ ಅವನು ಹುಡುಕುತ್ತಿದ್ದ ಆ ‘ಸ್ವಲ್ಪ ಮಾತು’ ಇದು. ಅವಳು ಬೀದಿಯುದ್ದಕ್ಕೂ ಮಾರಿಕೊಂಡು ಬಂದದ್ದು ತನ್ನ ದನಿಯನ್ನಲ್ಲ, ಅವನನ್ನು. ಅವನ ಕೆಮ್ಮನ್ನು, ಏಣಿ ಕೇಳಲಾಗದೆ ನಿಂತ ಗೇಟನ್ನು, ಬಿಟ್ಟ ಬಸ್ಸುಗಳನ್ನು. ಅದರ ಬೆಲೆ ಕಾನೂನಿನ ಮಿತಿಯವರೆಗೆ ಏರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮುಖ ಕಾವೇರಿತು. ಅದರ ಜೊತೆಗೇ, ಅವಮಾನದ ಬೆನ್ನಿಗೇ, ಇನ್ನೊಂದು ಯೋಚನೆ ಬಂದು ಕೂತಿತು: ವರ್ಷಗಳ ಹಿಂದೆ ಅವಳು ತನ್ನ ಕೋಟಿನ ತೋಳನ್ನು ನೋಡಿದ್ದಳು, ಮೂರು ಸಲವೂ, ಒಂದು ಮಾತೂ ಆಡದೆ.

ಈಗ ಕೆಲಸ ಬಹಳ ಸಣ್ಣದು. ಗುತ್ತಿಗೆ ಇಲ್ಲ ಅಂದ ಮೇಲೆ ಚೆಕ್ಕು ಸರಿಯಾಗಿಯೇ ಇದೆ. ಅದು ಅವನ ಕೈಗೆಟಕುವ ದೂರದಲ್ಲಿ ತಗಡಿನ ಡಬ್ಬಿಯ ಕೆಳಗಿದೆ, ಒಂದು ಮೂಲೆ ಹೊರಗೆ ಇಣುಕುತ್ತಿದೆ. ಸಂಜೆಯೊಳಗೆ ಪ್ರೆಸ್ಸಿಗೆ ಮುಂಗಡ ಹೋಗಬೇಕು. ‘ತಪ್ಪಾಯಿತು, ಚೆಕ್ಕು ಮತ್ತೆ ಕೊಡಿ’ ಅಂದರೆ ಮುಗಿಯಿತು. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ, ಎರಡೂ ಕೈ ಮೇಜಿಗೆ ಊರಿ ಕಾದ. ಕೊಡಲು ಸಿದ್ಧನಾಗಿಯೇ ಇದ್ದ, ಕಣ್ಣಿನಲ್ಲೇ ಗೊತ್ತಾಗುತ್ತಿತ್ತು, ಕೇಳುವುದನ್ನಷ್ಟೇ ಕಾಯುತ್ತಿದ್ದ. “ಮತ್ತೇನು ಸಾರ್?”

ಅವನು ಬಾಯಿ ತೆರೆದ. ಕೈ ತಾನಾಗಿ ಒಳಜೇಬಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

“ಕೋಟು,” ಎಂದಿತು ಬಾಯಿ. “ಇಸ್ತ್ರಿ ಆಗುತ್ತಾ?”

ಲಾಂಡ್ರಿಯವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಕೆನ್ನೆಯ ಗುಳಿ ಮೂಡಲು ಹೊರಟದ್ದನ್ನು ಅವನು ಕಷ್ಟಪಟ್ಟು ತಡೆದ, ಗಂಭೀರವಾಗಿ ಕೈ ಚಾಚಿದ, “ಯಾಕಾಗಲ್ಲ ಸಾರ್” ಎಂದು ಕೋಟು ತೆಗೆದುಕೊಂಡ. ಖಜಾಂಚಿ ಅಂಗಿಯಲ್ಲಿ ನಿಂತ. ಹಬೆಯ ಪೆಟ್ಟಿಗೆ ಉಸ್ಸೆಂದು ಇಳಿಯಿತು, ಎದ್ದಿತು. ತೋಳುಗಳನ್ನು ಉದ್ದಕ್ಕೆ ಮಡಿಚಿ, ಅಂಚಿಗೆ ಅಂಚು ಕೂಡಿಸಿ, ಲಾಂಡ್ರಿಯವನು ಗೆರೆ ಎಳೆಯುವುದನ್ನು ನೋಡದೆ ಇರಲು ಅವನು ಎರಡು ಕುರ್ಚಿಗಳನ್ನು ನೋಡುತ್ತಿದ್ದ. ಇವುಗಳಲ್ಲಿ ಯಾವುದರ ಮೇಲೆ ಕೂತಿದ್ದಳೋ ಎಂಬ ಪ್ರಶ್ನೆ ಈಗಲೂ, ಇಷ್ಟಾದ ಮೇಲೂ, ಎದೆಯಲ್ಲಿ ಚುಚ್ಚುತ್ತಲೇ ಇತ್ತು. ದುಡ್ಡು ಕೊಡಲು ಹೋದರೆ ಲಾಂಡ್ರಿಯವನು ಬೇಡವೆಂದು ಕೈ ಆಡಿಸಿದ.

ಅವಳು ಬಾಗಿಲ ಹೊರಗೇ ನಿಂತಿದ್ದಳು. ಬಣ್ಣದಂಗಡಿಗೆ ಹೋಗಿದ್ದಳೋ ಇಲ್ಲವೋ. ಅವನು ಹೊರಗೆ ಬಂದಾಗ ಮುಖ ನೋಡಲಿಲ್ಲ, ತೋಳು ನೋಡಿದಳು. ಹೆಗಲಿಂದ ಮುಂಗೈವರೆಗೆ ಗೆರೆ ಚೂರಿಯ ಹಾಗೆ ನಿಂತಿತ್ತು. ಅವಳು ಅಂಗೈಯನ್ನು ಅದರ ಮೇಲಿಟ್ಟಳು. “ಇನ್ನೂ ಬಿಸಿ ಇದೆ” ಎಂದಳು. ಅದರಲ್ಲಿ ಕೊಂಕು ಇದೆಯೇ ಎಂದು ಅವನು ಹುಡುಕಿದ. ಸಿಗಲಿಲ್ಲ.

“ಗುತ್ತಿಗೆ ಇಲ್ಲವಂತೆ” ಎಂದ, ರಸ್ತೆಯನ್ನು ನೋಡುತ್ತ.

“ಹ್ಞೂಂ.”

“ನಾನು ಫೋನ್ ಮಾಡಿರಲಿಲ್ಲ.”

“ಗೊತ್ತು.” ಅವಳು ಮೊಣಕೈಯಿಂದ ಚೀಲ ಕಳಚಿ ಅವನ ಕೈಗೆ ಕೊಟ್ಟಳು. “ಇದನ್ನ ಹಿಡ್ಕೊಳ್ಳಿ.” ಒಳಗೆ ಹೋದಳು.

ಗಾಜಿನ ಆಚೆ ಹಬೆ ಕಟ್ಟಿ ಇಳಿದು, ಮುಖಗಳು ಒಮ್ಮೆ ಮಸುಕು ಒಮ್ಮೆ ಸ್ಪಷ್ಟ. ಅವಳು ಕೂರಲಿಲ್ಲ. ಕೌಂಟರಿಗೆ ಒರಗಿ ತಲೆ ಒಂದಿಷ್ಟು ವಾಲಿಸಿದಳು. ಮಾತು ಕೇಳಿಸುತ್ತಿರಲಿಲ್ಲ, ಆದರೆ ಈ ಸಲ ಅವನಿಗೆ ಕೇಳಿಸಬೇಕಾಗಿರಲಿಲ್ಲ. ಅವಳ ತುಟಿ ಅಲುಗಿದಂತೆ ಅವನ ತುಟಿಯೂ ಅಲುಗಿತು: ನಮ್ಮವರು, ಚಂದಾ ಕೇಳೋಕೆ ಅಂತ, ನಾಲ್ಕು ಸಲ ಬಂದರು. ಲಾಂಡ್ರಿಯವನು ತಡೆದಿಟ್ಟುಕೊಂಡಿದ್ದ ನಗುವೆಲ್ಲ ಒಡೆಯಿತು, ಮೇಜು ಹಿಡಿದುಕೊಂಡು ನಕ್ಕ. ಇಲ್ಲಿಗೆ ಮಾತು ಮುಗಿಯಬೇಕು. ಖಜಾಂಚಿಯ ತುಟಿ ನಿಂತಿತು. ಅವಳದು ನಿಲ್ಲಲಿಲ್ಲ. ಇನ್ನೊಂದು ಮಾತು ಹೇಳಿದಳು, ಚಿಕ್ಕದು, ಬಾಗಿಲ ಕಡೆ ನೋಡದೆ. ಲಾಂಡ್ರಿಯವನ ನಗು ಹಾಗೆಯೇ ಇಳಿದು ಹೋಯಿತು. ಅವನು ಕಣ್ಣು ಒರೆಸಿಕೊಂಡು, ತಲೆಯಾಡಿಸಿ, ಗಾಜಿನ ಮೂಲಕ ಹೊರಗೆ ನಿಂತವನನ್ನು ನೋಡಿದ, ಕೋಟನ್ನಲ್ಲ, ಅವನನ್ನು. ಆಮೇಲೆ ಡಬ್ಬಿ ಎತ್ತಿ ಚೆಕ್ಕು ಅವಳ ಕೈಗೆ ಕೊಟ್ಟ.

ಅವಳು ಬಂದು ಚೆಕ್ಕನ್ನು ಅವನ ಒಳಜೇಬಿಗೆ ತುರುಕಿ, ಮೇಲಿಂದ ಒಮ್ಮೆ ತಟ್ಟಿದಳು. ಪ್ರೆಸ್ಸಿನ ದಾರಿ ಹಿಡಿದರು. ಗಾಳಿಗೆ ಕೋಟಿನ ಬಿಸಿ ಆರುತ್ತಾ ಬಂತು, ಮೊದಲು ಬೆನ್ನು, ಆಮೇಲೆ ಹೆಗಲು. ಕೇಳಬಾರದು ಎಂದುಕೊಂಡು ಅವನು ಬೀದಿಯ ತಿರುವಿನವರೆಗೆ ನಡೆದ.

“ಕೊನೇಲಿ ಏನೋ ಅಂದೆಯಲ್ಲ,” ಎಂದ. “ಏನಂದೆ?”

“ಏನಿಲ್ಲ,” ಎಂದಳು ಅವಳು, ಚೀಲ ವಾಪಸ್ ಇಸಕೊಳ್ಳುತ್ತ. “ಕೊಡಿ ಅಂದೆ.”